ಗಿರಣಿ ಮೇಲಿನ ಅಕ್ಕೋರು

ಮಕ್ಕಳೇ, ಸಹನಾ, ಶಿವಾನಂದ, ಇದು ನಮ್ಮ ಗಿರಣಿಯ ಮೇಲೆ ಇದ್ದ ಅಕ್ಕೋರ ಸಂಗತಿ. ಅವರು ಜೋಳದ ರೊಟ್ಟಿಯನ್ನು ಕೂಡ ಅಂಚು ಹಿಡಿದೇ ಎತ್ತುತ್ತಿದ್ದರು. ಹೆಬ್ಬೆರಳು, ತೋರುಬೆರಳುಗಳ ಉಗುರಿನ ತುದಿಯಲ್ಲಿ ಹಿಡಿದು, ನಡುವೆ ಎಲ್ಲೂ ಕೈ ತಾಗದ ಹಾಗೆ ಎತ್ತಿ ತಾಟಿಗೆ ಇಟ್ಟುಕೊಳ್ಳುತ್ತಿದ್ದರು. ಫೋಟೊ, ಬಸ್ಸಿನ ಟಿಕೆಟು, ಇಸ್ತ್ರಿ ಮಾಡಿದ ಸೀರೆ, ಎಲ್ಲವನ್ನೂ ಹಾಗೆಯೇ. ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ, ಇದನ್ನು ನೋಡಿ ಮೊದಲ ದಿನವೇ ಕೇಳಿದ್ದರು: "ಯಾಕವಾ, ನಮ್ಮ ರೊಟ್ಟಿ ಕೈ ಸುಡತೈತೇನು?"

"ಇಲ್ರಿ ಆಯಿ, ಕೈಗೆ ಚಟಾ ಬಿದ್ದೈತಿ" ಎಂದು ಅಕ್ಕೋರು ನಕ್ಕಿದ್ದರು.

ಹೋದ ಬೇಸಿಗೆ ಸೂಟಿಯಲ್ಲಿ ನೀವು ಮುಂಡರಗಿಯಿಂದ ಬಂದಾಗ ನನ್ನ ಟ್ರಂಕಿನಿಂದ ಹಸಿರು ದಾರ ಸುತ್ತಿದ ಒಂದು ಸಣ್ಣ ಡಬ್ಬಿ ತೆಗೆದಿದ್ದಿರಿ. ಅದರ ಮುಚ್ಚಳ ಗಾಜಿನ ಹಾಗೆ ಇರುವುದರಿಂದ ಒಳಗಿನದು ಕಾಣುತ್ತದೆ. "ಅಜ್ಜಿ, ಕನ್ನಡಿ ಚೂರು ಯಾಕ ಇಟ್ಕೊಂಡೀ?" ಎಂದು ಸಹನಾ ಕೇಳಿದ್ದಳು. "ಅಕ್ಕೋರದು, ಅಲ್ಲೇ ಇಡು" ಎಂದಷ್ಟೇ ಹೇಳಿ ನಾನು ಒಳಗೆ ಹೋದೆ. ನಾನು ಮಾತಿನವಳಲ್ಲ. ಅಸುಂಡಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಗುರುಗಳು ಎದ್ದು ಓದು ಎಂದರೆ ನನ್ನ ದನಿಯೇ ಹೊರಡುತ್ತಿರಲಿಲ್ಲ. ಬರೆ ಎಂದರೆ ಬರೆಯುತ್ತಿದ್ದೆ. ಅದಕ್ಕೇ ಈಗಲೂ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬೆಟಗೇರಿಯ ನಮ್ಮ ಹಿಟ್ಟಿನ ಗಿರಣಿಯನ್ನು ನಾನು ಮತ್ತು ಅತ್ತೆ ನಡೆಸಿದೆವು. ಅತ್ತೆ ಮುಂದೆ ಬಾಗಿಲ ಹತ್ತಿರ ಕುಳಿತು ಗಿರಾಕಿಗಳ ಜೊತೆ ಮಾತಾಡುವವರು. ನಾನು ಹಿಂದೆ ಮೋಟಾರು ಹಚ್ಚಿ ಬೀಸುವವಳು. ಗಿರಣಿಯ ಸದ್ದಿನಲ್ಲಿ ಯಾರೂ ನನ್ನಿಂದ ಮಾತನ್ನು ಬಯಸುತ್ತಿರಲಿಲ್ಲ, ಅದು ನನಗೆ ಅನುಕೂಲವೇ ಆಗಿತ್ತು. ಗಿರಣಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಅದನ್ನು ಕೇಳಿಕೊಂಡು ಅಕ್ಕೋರು ಬಂದರು. ಅವರ ಊರು ಶಿರಹಟ್ಟಿ. ಗದಗಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಕಾಯಂ ನೌಕರಿಯಲ್ಲ, ವರ್ಷ ವರ್ಷ ಹೊಸದಾಗಿ ತೆಗೆದುಕೊಳ್ಳುವ ಅತಿಥಿ ಉಪನ್ಯಾಸಕಿ. ಲಗ್ನ ಆಗಿರಲಿಲ್ಲ. ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಓಣಿಯಲ್ಲಿ ಅಕ್ಕೋರು ಎನ್ನುವುದೇ ರೂಢಿ, ಹಾಗಾಗಿ ಹೆಸರು ಹಿಡಿದು ಅವರನ್ನು ಯಾರೂ ಕರೆಯಲಿಲ್ಲ.

ಅಷ್ಟು ಮನೆಗಳಿರುವಾಗ ಅವರು ನಮ್ಮದನ್ನೇ ಆರಿಸಿಕೊಂಡ ಕಾರಣ ಕೇಳಿದರೆ ನಿಮಗೆ ನಗು ಬರುತ್ತದೆ. ಅವರ ಕಂಪ್ಯೂಟರು ಲೆಕ್ಕ ಹಾಕಲು ಕೂತರೆ ದಿನಗಟ್ಟಲೆ ನಿಲ್ಲಿಸುವಂತಿರಲಿಲ್ಲ. ಗಿರಣಿ ಇದ್ದಲ್ಲಿ ಕರೆಂಟು ಚಲೋ ಇರುತ್ತದೆ ಎಂದು ಎಣಿಸಿದ್ದರು. ಕರೆಂಟು ಚಲೋ ಇತ್ತು, ಖರೆ. ಆದರೆ ಹಿಟ್ಟಿನ ಧೂಳು? ಅದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಿಟಕಿಗೆ ಹಸಿ ಬಟ್ಟೆ ಕಟ್ಟಿದರು, ಕಂಪ್ಯೂಟರಿಗೆ ಸೀರೆಯ ಗವುಸು ಹೊಲಿದರು, ಆದರೂ ಸಂಜೆಯ ಹೊತ್ತಿಗೆ ಅವರ ಹುಬ್ಬು ಬೆಳ್ಳಗಾಗಿರುತ್ತಿತ್ತು. "ಮುಂಜಾನೆ ಹುಡುಗಿ, ಸಂಜಿಕ ನನ್ನ ವಾರಿಗಿಯಾಕಿ" ಎಂದು ಅತ್ತೆ ಚಾಷ್ಟಿ ಮಾಡುತ್ತಿದ್ದರು. ಹೀಗಿದ್ದರೂ ಮನೆ ಬಿಡುವ ಮಾತನ್ನು ಅಕ್ಕೋರು ಆಡಲಿಲ್ಲ. ನನ್ನನ್ನು ಅಣ್ಣನ ಹೆಂಡತಿಯ ಹಾಗೆ ವೈನಿ ಎಂದು ಕರೆಯುತ್ತ ನಮ್ಮಲ್ಲೊಬ್ಬರಂತೆ ಆದರು.

ಅವರ ಕೆಲಸ ಏನೆಂದು ನನಗೆ ತಿಳಿದದ್ದು ಒಂದು ತಂಬಿಗೆಯಿಂದ. ಅಡುಗೆಮನೆಯ ಗೋಡೆಯ ಮಾಡದಲ್ಲಿ ಅತ್ತೆಯ ತವರಿನ ಹಿತ್ತಾಳೆ ತಂಬಿಗೆ ಇತ್ತು. ಗಿರಣಿ ನಿಲ್ಲಿಸಿದಾಗ ಮೋಟಾರಿನ ವೇಗ ಇಳಿಯುತ್ತ ಇಳಿಯುತ್ತ ಒಂದು ಹಂತಕ್ಕೆ ಬಂದ ಕೂಡಲೇ ಆ ತಂಬಿಗೆ ಒಂದೇ ಗುಂಯ್ ಎನ್ನುತ್ತಿತ್ತು. ಪಕ್ಕದ ಬೋಗುಣಿ, ಚರಿಗೆಗಳು ಸುಮ್ಮನಿರುತ್ತಿದ್ದವು. ಒಂದು ಮಧ್ಯಾಹ್ನ ಅದನ್ನು ಕೇಳಿ ಅಕ್ಕೋರು ಉಣ್ಣುವುದನ್ನು ಬಿಟ್ಟು ಎದ್ದರು. "ವೈನಿ, ಇನ್ನೊಮ್ಮೆ ಹಚ್ಚಿ ಬಂದ್ ಮಾಡ್ರಿ" ಎಂದರು. ಮಾಡಿದೆ. ತಂಬಿಗೆಯ ತಳಕ್ಕೆ ಹಿಟ್ಟಿನ ಮುದ್ದೆ ಮೆತ್ತಿ ಮತ್ತೆ ಮಾಡಿಸಿದರು. ಈ ಸಲ ತಂಬಿಗೆ ತಡವಾಗಿ, ಮೋಟಾರು ಇನ್ನಷ್ಟು ನಿಧಾನವಾದ ಮೇಲೆ ಗುಂಯ್ ಎಂದಿತು. ತಂಬಿಗೆಯ ಬಾಯಿಯ ಮೇಲೆ ಅಂಗೈ ಇಟ್ಟು ಅಮುಕಿದರು. ಸದ್ದೇ ಇಲ್ಲ.

"ಇಷ್ಟ ನೋಡ್ರಿ ನನ್ನ ಕೆಲಸ" ಎಂದರು. "ಮೊಬೈಲಿಗೆ ಬರೂದು ಒಂದು ನಮೂನಿ ಅಲಿ. ಒಲಿ ಮುಂದ ಕುಂತ್ರ ಮಾರಿಗೆ ಬಡಿಯೂ ಬಿಸಿನೂ ಅಲಿನ. ಎರಡರ ನಡುವ ಟೆರಾಹರ್ಟ್ಸ್ ಅನ್ನೂ ಅಲಿ ಅದಾವು. ಅವಕ್ಕ ಗುಂಯ್ ಅನ್ನೂ ತಂಬಗಿ ನಾ ಮಾಡಾಕತ್ತೀನಿ."

ಆಮೇಲೆ ತೋರಿಸಿದರು. ಬೆರಳುಗುರಿನಗಲದ ಒಂದು ತೆಳು ಬಿಲ್ಲೆ, ಅದನ್ನು ಅಂಚು ಹಿಡಿದೇ ಎತ್ತಬೇಕು. ಬರಿಗಣ್ಣಿಗೆ ಅದು ಕನ್ನಡಿಯ ಚೂರೇ. ಅದರ ಮೈತುಂಬ ಬಂಗಾರದ ಉಂಗುರಗಳಿದ್ದವು. ಒಂದೊಂದು ಉಂಗುರ ನಮ್ಮ ತಲೆಕೂದಲಿನ ದಪ್ಪದಷ್ಟು, ಒಂದೊಂದರಲ್ಲೂ ಒಂದು ಸಣ್ಣ ಸಂದು. ಉಂಗುರದ ಅಳತೆಗೆ, ಸಂದಿನ ಅಗಲಕ್ಕೆ ತಕ್ಕ ಒಂದೇ ಅಲೆಗೆ ಅವು ಓಗೊಡುತ್ತವೆ. ಸಂದಿನಲ್ಲಿ ಏನಾದರೂ ತೆಳ್ಳಗೆ ಮೆತ್ತಿದರೆ ಹಿಟ್ಟು ಮೆತ್ತಿದ ತಂಬಿಗೆಯಂತೆ ಅದರ ಸ್ವರ ಕೆಳಗಿಳಿಯುತ್ತದೆ. ಆ ಇಳಿತ ನೋಡಿ ಏನೋ ಮೆತ್ತಿದೆ ಎಂದು ಹೇಳಬಹುದು. ಇನ್ನೊಂದು ನಮೂನೆಯದರಲ್ಲಿ ಬಿಸಿ ಮುಟ್ಟಿಸಿದರೆ ಸಂದು ಮುಚ್ಚಿದಂತಾಗಿ ಉಂಗುರ ಸುಮ್ಮನಾಗುತ್ತದೆ, ಆರಿದರೆ ಮತ್ತೆ ಹಾಡುತ್ತದೆ, ದೀಪದ ಗುಂಡಿ ಒತ್ತಿದ ಹಾಗೆ. ಉಂಗುರ ಎಷ್ಟು ದೊಡ್ಡದು, ಸಂದು ಎಷ್ಟು ಕಿರಿದು, ಎರಡರ ನಡುವೆ ಎಷ್ಟು ಜಾಗ ಎಂದು ಕಂಪ್ಯೂಟರಿನಲ್ಲಿ ಬದಲಿಸಿ ಬದಲಿಸಿ ನೋಡುವುದು ಅಕ್ಕೋರ ಕೆಲಸ. ಅವರು ಕಳಿಸಿದ ನಕ್ಷೆಯಂತೆ ಬಿಲ್ಲೆ ಮಾಡಿಕೊಡುವುದು, ಅಳೆಯುವುದು ದೂರದ ಊರಿನ ಒಂದು ಪ್ರಯೋಗಾಲಯದಲ್ಲಿ. ಅಲ್ಲಿ ಪಾಳಿ ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತು.

ಅವರ ಆಸೆ ಮೆಣಸಿನಕಾಯಿಯದು. ಔಷಧ ಹೊಡೆದ ಮೆಣಸಿನಕಾಯಿಯನ್ನು ತೊಳೆದ ನೀರಿನ ಒಂದು ಹನಿಯನ್ನು ಬಿಲ್ಲೆಯ ಮೇಲೆ ಒಣಗಿಸಿದರೆ ಔಷಧದ ಪದರು ಉಳಿಯುತ್ತದೆ. ಅದನ್ನು ಬಿಲ್ಲೆ ಹೇಳಬೇಕು. ಅದರ ಮೇಲೆ ಪಿಎಚ್‌ಡಿ ಬರೆಯುತ್ತಿದ್ದರು. ವಿಶ್ವವಿದ್ಯಾಲಯ ಕೊಟ್ಟ ಅವಧಿ ಒಮ್ಮೆ ಮುಗಿದು, ಮತ್ತೆ ಬೆಳೆಸಿಕೊಂಡದ್ದೂ ಬರುವ ಯುಗಾದಿಗೆ ಮುಗಿಯುತ್ತಿತ್ತು. ಅದು ಆಗದಿದ್ದರೆ ಕಾಲೇಜಿನ ಕೆಲಸವೂ ಉಳಿಯುವುದಿಲ್ಲ ಎಂದು ಅವರು ಒಮ್ಮೆ ಮಾತ್ರ ಹೇಳಿದ್ದರು.

ಆ ವರ್ಷ ದಸರೆಗೆ ಮೊದಲು ಹೊಸ ಬಿಲ್ಲೆಗಳು ಬಂದವು. ಎಲ್ಲವೂ ಒಂದೇ ಅಚ್ಚಿನವು. ಗುರುತಿಗೆಂದು ಅಕ್ಕೋರು ಡಬ್ಬಿಗಳಿಗೆ ಬೇರೆ ಬೇರೆ ಬಣ್ಣದ ದಾರ ಸುತ್ತಿದ್ದರು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಗಿರಣಿ ಬಂದ್. ಹಿಂದಿನ ದಿನವೇ ಕಲ್ಲು, ಪಟ್ಟೆ, ಗೋಡೆ ಎಲ್ಲ ಝಾಡಿಸಿ ತೊಳೆದು, ಮರುದಿನ ವಿಭೂತಿ ಹಚ್ಚಿ, ಹೂವು ಏರಿಸಿ, ಲೋಬಾನದ ಧೂಪ ಹಾಕುತ್ತೇವೆ. ಅಕ್ಕೋರು ಸ್ನಾನ ಮಾಡಿ ಕೆಳಗೆ ಬಂದಾಗ ಅತ್ತೆ ಕೇಳಿದರು, "ನಿನ್ನ ಹತಾರ ಎಲ್ಲೈತಿ? ವರ್ಷಾನೂ ದುಡಿಸ್ಕೋತಿ, ಇವತ್ತ ಒಂದು ದಿನಾ ಕೈ ಮುಗಿಯಾಕ ಆಗೂದಿಲ್ಲೇನು?"

ಅಕ್ಕೋರು ಮೇಲೆ ಹೋಗಿ ಒಂದು ಡಬ್ಬಿ ತಂದು ಗಿರಣಿಯ ಕಟ್ಟೆಯ ಮೇಲೆ ಇಟ್ಟರು.

"ಮುಚ್ಚಿದ ಡಬ್ಬಿಗೆ ಎಂಥಾ ಪೂಜಿ? ನಮ್ಮ ಗಿರಣಿಗೆ ಬುರಕಿ ಹಾಕಿ ಪೂಜಿ ಮಾಡತೀವೇನು?"

ಅಕ್ಕೋರು ಗಿರಣಿಯನ್ನು, ಗೋಡೆಯನ್ನು, ಮೇಲಿನ ಜಂತಿಯನ್ನು ನೋಡಿದರು. ಎಲ್ಲೂ ಒಂದು ಚಿಟಿಕೆ ಹಿಟ್ಟಿರಲಿಲ್ಲ. "ಈ ಮನ್ಯಾಗ ಹಿಟ್ಟು ಹಾರಲಾರದ ದಿನಾ ಇದೊಂದ. ಇವತ್ತ ತಗದರ ಏನೂ ಆಗೂದಿಲ್ಲ" ಎಂದು ತಾವಾಗಿಯೇ ದಾರ ಬಿಚ್ಚಿ ಮುಚ್ಚಳ ತೆಗೆದರು. ವರ್ಷವಿಡೀ ಹಿಟ್ಟಿಗೆ ಹೆದರಿ ಬದುಕಿದವರಿಗೆ ಹಿಟ್ಟು ಬಿಟ್ಟು ಬೇರೆ ಭಯ ಹೊಳೆಯಲಿಲ್ಲ. ದಾರ ನೆಲಕ್ಕೆ ಬಿದ್ದೀತೆಂದು ನಾನು ಅದನ್ನು ನನ್ನ ಬೆರಳಿಗೆ ಸುತ್ತಿಕೊಂಡೆ. ಅತ್ತೆ ಕೆಂಡದ ಮೇಲೆ ಹಿಡಿ ತುಂಬ ಲೋಬಾನ ಸುರಿದರು. ಗಿರಣಿಯೊಳಗೆ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹೊಗೆ. ಪೂಜೆ ಮುಗಿದ ಮೇಲೆ ಅಕ್ಕೋರು ಡಬ್ಬಿ ಮುಚ್ಚಿದರು, ನಾನು ದಾರ ಸುತ್ತಿ ಕೊಟ್ಟೆ.

ದೀಪಾವಳಿಯ ನಂತರ ಪಾಳಿ ಬಂತು. ಅಕ್ಕೋರು ರೈಲಿನಲ್ಲಿ ಹೋಗಿ ಅಳೆದುಕೊಂಡು ಬಂದರು. ಬಂದವರು ಗಿರಣಿಯ ಬಾಗಿಲಲ್ಲೇ ನಿಂತು ಅತ್ತೆಯ ಬಾಯಿಗೆ ಪೇಢೆ ಇಟ್ಟರು. ಖಾಲಿ ಬಿಲ್ಲೆಗಿಂತ ಮೆಣಸಿನಕಾಯಿ ನೀರು ಒಣಗಿಸಿದ ಬಿಲ್ಲೆಯ ಸ್ವರ ಚೆನ್ನಾಗಿ ಕೆಳಗಿಳಿದಿತ್ತಂತೆ, ಅವರು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಅವರ ಪಿಎಚ್‌ಡಿ ಗುರುಗಳು ಇದನ್ನು ಬರೆದು ಮುಗಿಸಿರಿ ಎಂದಿದ್ದರು. "ಮುಗೀತಲ್ಲವಾ, ಇನ್ನ ಆ ಬಿಲ್ಲಿ ಬಿಟ್ಟು ಯಾವನರ ಗಂಡಸನ್ನ ಲಗ್ನ ಆಗು" ಎಂದರು ಅತ್ತೆ. ಅಂದು ಅಕ್ಕೋರು ರೊಟ್ಟಿಯನ್ನು ನಡುವೆ ಹಿಡಿದು ಮುರಿದದ್ದನ್ನು ನಾನು ನೋಡಿದೆ.

ಎಳ್ಳಮಾಸಿ ಹಬ್ಬಕ್ಕೆ ಮನೆ ಸಾರಿಸುವಾಗ ನಾನು ಗಿರಣಿಯ ಗೋಡೆಯ ಮೇಲಿನ ದೇವರ ಫೋಟೊ ಇಳಿಸಿದೆ. ಗಾಜಿನ ಮೇಲೆ ಹಿಟ್ಟು ಕೂತಿತ್ತು. ಒಣ ಬಟ್ಟೆಗೆ ಹೋಗಲಿಲ್ಲ. ಬೆರಳಿನಿಂದ ತೀಡಿದರೆ ಅಂಟು ಅಂಟು. ಖಂಡೇಪೂಜೆಯ ಹೊಗೆ ಗಾಜಿಗೆ ಹಿಡಿದು, ಅದರ ಮೇಲೆ ಹಿಟ್ಟು ಕಚ್ಚಿಕೊಂಡಿತ್ತು. ಕೆಳಗೆ ಬಂದು ಬಿಸಿನೀರು ತುಂಬಿಕೊಂಡು ಹೊರಟಿದ್ದ ಅಕ್ಕೋರು ನನ್ನ ಕೈ ನೋಡಿ, "ಅದೇನದು ವೈನಿ?" ಎಂದರು.

"ಲೋಬಾನದ ಜಿಡ್ಡು. ಪ್ರತಿ ವರ್ಷ ಹಿಂಗ ಹಿಡೀತೈತಿ."

ಅವರು ಗಾಜಿನ ಮೇಲೆ ತಾವೂ ಬೆರಳು ಎಳೆದರು. ಬೆರಳನ್ನು ಬೆಳಕಿಗೆ ಹಿಡಿದರು. ನೀರಿನ ಕೊಡ ಅಲ್ಲೇ ಇಟ್ಟು ಮೆಟ್ಟಿಲ ಮೇಲೆ ಕುಳಿತರು. ಕುಳಿತಲ್ಲಿಂದಲೇ ಕೇಳಿದರು: "ವೈನಿ, ಪೂಜಿ ದಿನಾ ನಾ ಯಾವ ಡಬ್ಬಿ ತಗದಿದ್ದೆ? ಗಡಬಡ್ಯಾಗ ಕೈಗೆ ಸಿಕ್ಕಿದ್ದನ್ನ ತಂದೆ. ನನಗ ನೆನಪ ಇಲ್ಲ."

ನನಗೆ ನೆನಪಿತ್ತು. ದಾರ ನನ್ನ ಬೆರಳಿಗೇ ಇತ್ತಲ್ಲ. ಆದರೆ ಅವರ ಮುಖ ನೋಡಿ, ಈ ಉತ್ತರದ ಮೇಲೆ ಏನೋ ನಿಂತಿದೆ ಎಂದು ತಿಳಿಯಿತು. ನನ್ನ ದನಿ ಹೊರಡಲಿಲ್ಲ. ಅತ್ತೆ ನನಗಿಂತ ಜಾಣೆ, ಅವರಿಗೆ ಪೂರ್ತಿ ತಿಳಿದಿತ್ತು. "ಅಕೀಗೂ ನೆನಪ ಇಲ್ಲ, ಎದ್ದ ಹೋಗು. ಮುಗದದ್ದನ್ನ ಯಾಕ ಕೆದಕತಿ?" ಎಂದರು.

ಅಕ್ಕೋರು ಅತ್ತೆಯ ಕಡೆ ನೋಡಲಿಲ್ಲ. "ವೈನಿ, ಎಷ್ಟು ಗೊತ್ತೈತಿ ಅಷ್ಟ ಹೇಳ್ರಿ. ಹೆಚ್ಚು ಬ್ಯಾಡ, ಕಡಿಮಿನೂ ಬ್ಯಾಡ."

"ಹಸರ ದಾರದ್ದು" ಎಂದೆ.

ಮೆಣಸಿನಕಾಯಿಯ ನೀರು ಒಣಗಿಸಿದ್ದು ಹಸಿರು ದಾರದ ಬಿಲ್ಲೆಯ ಮೇಲೆಯೇ. ಹೋಲಿಸಿ ನೋಡಿದ ಖಾಲಿ ಬಿಲ್ಲೆ ಮಾತ್ರ ಬೀರುವಿನಲ್ಲಿ ಹೊಗೆ ಕಾಣದೆ ಇದ್ದದ್ದು. ಸ್ವರ ಅಷ್ಟು ಇಳಿದದ್ದು ಔಷಧದಿಂದಲೋ ಲೋಬಾನದಿಂದಲೋ ಹೇಳುವ ಹಾಗಿರಲಿಲ್ಲ.

ಅತ್ತೆ ಬಿಡಲಿಲ್ಲ. "ಮೆಣಸಿನಕಾಯಿ ನೀರೂ ಹಾಕೀಯಲ್ಲ. ಅದರದ ಇರಬೇಕು."

"ಇರಬಹುದ್ರಿ ಆಯಿ. ಎಷ್ಟು ಅದರದು, ಎಷ್ಟು ಹೊಗೀದು, ನನಗ ಗೊತ್ತಿಲ್ಲ."

"ನಿನಗ ಗೊತ್ತಿಲ್ಲ ಅನ್ನೂದು ಮತ್ತ ಯಾರಿಗೆ ಗೊತ್ತೈತಿ? ಸುಮ್ನ ಬರದು ಕೊಟ್ಟು ನೌಕರಿ ಉಳಿಸ್ಕೋ. ದೇವರ ಮುಂದ ಇಟ್ಟದ್ದು ಅದು, ಕೆಟ್ಟದ್ದ ಹೆಂಗ ಆಗತೈತಿ?"

"ನಾಳೆ ಯಾರೋ ಇದನ್ನ ನಂಬಿ ಚಲೋ ಮೆಣಸಿನಕಾಯಿಗೆ ವಿಷಾ ಐತಿ ಅಂತಾರ. ವಿಷಾ ಇದ್ದದ್ದಕ್ಕ ಇಲ್ಲ ಅಂತಾರ. ನಿಮ್ಮ ಗಿರಣಿಗೆ ಖಾರ ಕುಟ್ಟಸಾಕ ಬರೂದೂ ಅದ ಮೆಣಸಿನಕಾಯಿ ಅಲ್ಲೇನ್ರಿ?"

ಅತ್ತೆ ಸಿಟ್ಟಿನಿಂದ ಎದ್ದು ಒಳಗೆ ಹೋಗಿ ಪಾತ್ರೆಗಳ ಸದ್ದು ಮಾಡಿದರು.

ಅಕ್ಕೋರು ಮೆಟ್ಟಿಲ ಮೇಲಿನಿಂದಲೇ ಗುರುಗಳಿಗೆ ಫೋನು ಹಚ್ಚಿದರು. ನಮಗೆ ಇವರ ಮಾತು ಮಾತ್ರ ಕೇಳುತ್ತಿತ್ತು. "ಸರ್, ಆ ಬಿಲ್ಲೆಯ ಮೇಲೆ ಹೊಗೆ ಕೂತಿತ್ತು... ಲೋಬಾನದ ಹೊಗೆ ಸರ್... ಹೌದು ಸರ್, ಲೋಬಾನ... ಪೂಜೆಗೆ ಇಟ್ಟಿದ್ದೆ... ಇಲ್ಲ ಸರ್, ಬೇರೆ ಯಾರೂ ಅಲ್ಲ, ಮುಚ್ಚಳ ನಾನೇ ತೆಗೆದದ್ದು." ಮುಚ್ಚಿದ ಡಬ್ಬಿಗೆ ಎಂಥಾ ಪೂಜಿ ಎಂದವರು ಅತ್ತೆ. ಅವರ ಹೆಸರು ಆ ಮಾತಿನಲ್ಲಿ ಬರಲಿಲ್ಲ. ಒಳಗೆ ಪಾತ್ರೆಗಳ ಸದ್ದು ನಿಂತಿತು.

"ಏನಂದ್ರು?" ಎಂದೆ.

"ಮೊದಲ ನಕ್ಕರು. ಆಮ್ಯಾಲೆ ಬೈದ್ರು" ಎಂದು ಅಕ್ಕೋರು ಕೊಡ ಎತ್ತಿಕೊಂಡು ಮೇಲೆ ಹೋದರು. ಬಿಸಿನೀರು ಆರಿ ತಣ್ಣಗಾಗಿತ್ತು.

ಮರುದಿನ ನಾನು ಕಡಲೆ ಬೀಸಿ ಮುಗಿಸಿದ್ದೆ. ಕುರ್ತಕೋಟಿಯ ಹಿರಿಯರೊಬ್ಬರು ಜೋಳದ ಚೀಲ ತಂದರು. ಕಡಲೆಯ ಹಿಂದೆ ಜೋಳ ಬೀಸಿದರೆ ಮೊದಲ ಹಿಟ್ಟಿನಲ್ಲಿ ಕಡಲೆ ಹಿಟ್ಟು ಕೂಡುತ್ತದೆ. ರೊಟ್ಟಿ ತಟ್ಟುವವರಿಗೆ ಅದು ಕೈಗೇ ಗೊತ್ತಾಗುತ್ತದೆ. ಇಂಥದ್ದನ್ನು ಹೇಳುವುದು ಬಿಡುವುದು ಅತ್ತೆಗೆ ಸೇರಿದ್ದು. ಅತ್ತೆ ಅಂದು ಬೆಳಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ನಾನು ಸೆರಗು ಸರಿ ಮಾಡಿಕೊಂಡು ಮುಂದೆ ಬಂದೆ.

"ಈಗ ಕಡಲಿ ಬೀಸೇನ್ರಿ. ನಿಮ್ಮ ಹಿಟ್ಟಿನ್ಯಾಗ ಮೊದಲ ಸ್ವಲ್ಪ ಕೂಡತೈತಿ. ಬ್ಯಾಡ ಅಂದ್ರ ನಿಂದರ್ರಿ, ನಮ್ಮ ಜ್ವಾಳ ಒಂದಿಷ್ಟು ಹಾಕಿ ಕಲ್ಲು ಹಸನ ಮಾಡಿ ಕೊಡತೀನಿ."

ಆ ಹಿರಿಯರು ಅತ್ತೆಯ ಕಡೆ ತಿರುಗಿ, "ಏನಬೇ, ನಿನ್ನ ಸೊಸಿಗೆ ಮಾತ ಬರತಾವೇನು?" ಎಂದರು. ಆಮೇಲೆ ನನಗೆ, "ಆತವಾ, ನಿಂದರತೀನಿ. ಹಸನ ಮಾಡಿ ಕೊಡು" ಎಂದರು. ಅಷ್ಟೇ. ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಅಂದಿನಿಂದ ಗಿರಣಿಯಲ್ಲಿ ಆ ಮಾತು ನನ್ನದಾಯಿತು. ಮಾತಾಡುವುದೆಂದರೆ ಬಹಳ ತಿಳಿದಿರಬೇಕು ಎಂದು ಶಾಲೆಯ ದಿನಗಳಿಂದ ಹೆದರಿದ್ದೆ. ಗೊತ್ತಿದ್ದಷ್ಟೇ ಹೇಳಿದರೆ ಸಾಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಕ್ಕೋರಿಗೆ ಕಷ್ಟವೇ ಆಯಿತು. ಹಸಿರು ದಾರದ ಬಿಲ್ಲೆಯನ್ನು ತೊಳೆದು, ಹೊಸದಾಗಿ ಹನಿ ಒಣಗಿಸಿ ಅಳೆದಾಗ ಸ್ವರ ಇಳಿದದ್ದು ಕಂಡೂ ಕಾಣದಷ್ಟು. ಪೇಢೆ ತಿನ್ನಿಸಿದ ಆ ಇಳಿತ ಬಹಳಷ್ಟು ನಮ್ಮ ಲೋಬಾನದ್ದೇ. ಯುಗಾದಿ ದಾಟಿತು. ಗುರುಗಳು ಓಡಾಡಿ ಅವಧಿಯನ್ನು ಇನ್ನೊಮ್ಮೆ ಬೆಳೆಸಿಕೊಟ್ಟರು, ಆದರೆ ಕಾಲೇಜು ಮುಂದಿನ ವರ್ಷಕ್ಕೆ ಬೇರೆಯವರನ್ನು ತೆಗೆದುಕೊಂಡಿತು. ಅಕ್ಕೋರು ಮೇಲಿನ ಕೋಣೆಯಲ್ಲಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತ, ಉಳಿದ ಹೊತ್ತು ಸಂದನ್ನು ಇನ್ನೂ ಕಿರಿದು ಮಾಡಿ, ಉಂಗುರದ ಆಕಾರ ಬದಲಿಸಿ ಲೆಕ್ಕ ಹಾಕುತ್ತ ಕುಳಿತರು. ಊಟ ನಮ್ಮಲ್ಲಿಯೇ. ಬಡಿಸುವವರು ಅತ್ತೆ. ಬೈಯುತ್ತಲೇ ಒಂದು ರೊಟ್ಟಿ ಹೆಚ್ಚು ಹಾಕುತ್ತಿದ್ದರು.

ಹೊಸ ನಮೂನೆಯ ಬಿಲ್ಲೆಗಳು ಬಂದು, ಅಳೆದು ಬಂದ ಮೇಲೆ ಈ ಸಲ ಪೇಢೆ ತರಲಿಲ್ಲ. ಬೇರೆ ಬೇರೆ ಬಿಲ್ಲೆಗಳ ಮೇಲೆ ಅಳೆದು, ಎಲ್ಲದರಲ್ಲೂ ಅದೇ ಇಳಿತ ಕಂಡ ಮೇಲೆಯೇ ನಮಗೆ ಹೇಳಿದರು. "ಸಣ್ಣದ ವೈನಿ. ಆದರ ಇದು ಮೆಣಸಿನಕಾಯಿದ." ಪಿಎಚ್‌ಡಿ ಆಯಿತು. ಲೋಬಾನದ ಸಂಗತಿಯನ್ನೂ ಅದರಲ್ಲಿ ಬರೆದಿದ್ದಾರಂತೆ, ಇಂಗ್ಲಿಷಿನಲ್ಲಿ. ಅವರ ಬಿಲ್ಲೆ ಇನ್ನೂ ಮೆಣಸಿನಕಾಯಿ ಪೇಟೆಗೇನೂ ಬಂದಿಲ್ಲ. ಅಂಥವು ಬರಲು ಬಹಳ ಜನ, ಬಹಳ ವರ್ಷ ಬೇಕು ಎನ್ನುತ್ತಿದ್ದರು.

ಆಮೇಲೆ ಲಕ್ಷ್ಮೇಶ್ವರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದರು. ಹೋದರೂ ಪ್ರತಿ ವರ್ಷ ಖಂಡೇಪೂಜೆಗೆ ನಮ್ಮಲ್ಲಿಗೆ ಬರುತ್ತಿದ್ದರು. ಡಬ್ಬಿಯನ್ನು ಕಟ್ಟೆಯ ಮೇಲೆ ಇಡುತ್ತಿದ್ದರು, ಮುಚ್ಚಳ ಹಾಕಿಕೊಂಡೇ. ಅತ್ತೆ ಪ್ರತಿ ವರ್ಷವೂ, "ದೇವರಿಗೆ ಮುಟ್ಟಲಿಲ್ಲ ಬಿಡು" ಎನ್ನುವರು. ಅಕ್ಕೋರೂ ಪ್ರತಿ ವರ್ಷ, "ದೇವರಿಗೆ ಮುಚ್ಚಳ ಅಡ್ಡ ಬರೂದಿಲ್ರಿ ಆಯಿ, ಹೊಗಿಗೆ ಬರತೈತಿ" ಎನ್ನುವರು. ಅತ್ತೆ ತೀರಿಕೊಂಡ ವರ್ಷ ಆ ಮಾತನ್ನು ಆಡುವವರಿರಲಿಲ್ಲ. ಅಕ್ಕೋರು ಡಬ್ಬಿ ಇಟ್ಟು ಸ್ವಲ್ಪ ಹೊತ್ತು ಕಾಯುತ್ತ ನಿಂತಿದ್ದರು.

ಕಡೆಯ ಸಲ ಬಂದಾಗ ಬಹಳ ಇಳಿದಿದ್ದರು. ಹೊಟ್ಟೆಯಲ್ಲಿ ಗಡ್ಡೆ ಎಂದರು. ಹುಬ್ಬಳ್ಳಿಯ ದವಾಖಾನೆಗೆ ಓಡಾಟ ನಡೆದಿತ್ತು. ಹೊರಡುವಾಗ ಹಸಿರು ದಾರದ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. "ಇದು ಇನ್ನ ಲೆಕ್ಕಕ್ಕ ಬರೂದಿಲ್ಲ ವೈನಿ. ನಿಮ್ಮ ಹತ್ರ ಇರಲಿ." ಹೋದ ಶ್ರಾವಣದಲ್ಲಿ ತೀರಿಕೊಂಡರು.

ಸುದ್ದಿ ಬಂದ ದಿನ ನಾನು ಗಿರಣಿ ಮುಚ್ಚಿ ಒಬ್ಬಳೇ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಅಂಗಳದ ತುಂಬ ಕಾಲೇಜಿನವರು, ಕಲಿತವರು. ಅಕ್ಕೋರ ಅಣ್ಣ ನನ್ನನ್ನು ನೋಡಿ, "ನೀವು ಯಾರ್ರಿ, ಅಕೀಗೆ ಏನಾಗಬೇಕು?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಮೊದಲಾಗಿದ್ದರೆ ನಾನು ಗೋಡೆಯ ಮರೆಗೆ ಸರಿಯುತ್ತಿದ್ದೆ.

"ಬೆಟಗೇರ್ಯಾಗ ನಮ್ಮ ಗಿರಣಿ ಮ್ಯಾಲ ಇದ್ರು ಅಕ್ಕೋರು" ಎಂದೆ. "ಒಮ್ಮೆ ಒಂದು ಮಾತು ಕೇಳಿದ್ರು. ನಾ ಹೇಳಿದೆ. ನಾ ಹೇಳಿದ್ದನ್ನ ಖರೆ ಅಂತ ಹಿಡಿದು ತಮ್ಮ ಕೆಲಸಾನ ಬಿಟ್ಟು ಕೊಟ್ರು." ಅಷ್ಟು ಜನರ ನಡುವೆ ನನ್ನ ದನಿ ಒಡೆಯಲಿಲ್ಲ. ನನ್ನ ಜನ್ಮದಲ್ಲಿ ನನ್ನ ಒಂದು ಮಾತಿನ ಮೇಲೆ ಅಷ್ಟು ಭಾರ ಹಾಕಿದವರು ಅವರೊಬ್ಬರೇ. ಅಣ್ಣ ನನ್ನನ್ನು ಮುಂದೆ ಕರೆದು ಅವರ ತಲೆಯ ಹತ್ತಿರ ಕೂರಿಸಿದರು.

ಸಹನಾ, ಅದು ಕನ್ನಡಿಯ ಚೂರಲ್ಲ. ನೋಡಬೇಕೆನಿಸಿದರೆ ಅಂಚು ಹಿಡಿದು ಡಬ್ಬಿಯನ್ನೇ ಬೆಳಕಿಗೆ ಓರೆ ಮಾಡಿ ನೋಡು. ಮುಂದೆ ಖಂಡೇಪೂಜೆಗೆ ನೀವಿಬ್ಬರೂ ನಿಮ್ಮ ಪುಸ್ತಕಗಳ ಜೊತೆ ಅದನ್ನೂ ಇಡಿರಿ. ಮುಚ್ಚಳ ತೆಗೆಯಬೇಡಿರಿ. ಈ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಆ ಡಬ್ಬಿಯ ಜೊತೆ ಕಟ್ಟಿಡುತ್ತೇನೆ, ಅದೇ ಹಸಿರು ದಾರ ಸಾಲುತ್ತದೆ. ಬಿಚ್ಚಿ ಓದಿದ ಮೇಲೆ ಮತ್ತೆ ಹಾಗೆಯೇ ಕಟ್ಟಿ, ಹಿಟ್ಟು ಹೊಗೆ ತಾಗದ ಕಡೆ ಕಾದಿಡಿರಿ.